ತಪ್ಪು ತುಂಡು

ಆ ಬೀದಿಗೆ ಹೊಸದಾಗಿ ಬಂದವರು ಮೊದಮೊದಲು ಹೆದರಿಕೊಂಡೇ ಓಡಾಡುತ್ತಿದ್ದರು. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಾಗ, "ನೆಟ್ಟಗೆ ಹೋಗಿ ಚೂರಿಯಣ್ಣನ ಮುಂದೆ ನಿಂತ್ಕೊಳ್ಳಿ" ಎಂಬ ಉತ್ತರ ಸಿಕ್ಕರೆ ಯಾರಿಗೆ ತಾನೇ ಎದೆ ಧಸಕ್ಕೆನ್ನುವುದಿಲ್ಲ? ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಿ ನೋಡಿದರೆ ಅಲ್ಲೊಂದು ಫ್ರೈಸ್ ಅಂಗಡಿ. ಕಿಟಕಿಯ ಹಿಂದೆ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡ ಬಡಕಲು ಮನುಷ್ಯ. ಅವನು ಇಡೀ ಜನ್ಮದಲ್ಲಿ ಚೂರಿ ಹಾಕಿದ್ದು ಆಲೂಗಡ್ಡೆಗೆ ಮಾತ್ರ. ಪಕ್ಕದಲ್ಲಿ ಕಾದ ಎಣ್ಣೆಯ ಮುಂದೆ ನಿಂತವಳು ಅವನ ಹೆಂಡತಿ, ಬೀದಿಯವರ ಬಾಯಲ್ಲಿ ಎಣ್ಣೆಯಕ್ಕ. ಕುಡುಕರ ಹೆಸರಿನಂತೆ ಕೇಳಿಸಿದರೂ ಆಕೆ ಚಹಾ ಬಿಟ್ಟು ಬೇರೇನೂ ಕುಡಿದವಳಲ್ಲ.

ಫ್ರೈಸ್ ಏನು ಮಹಾ, ಆಲೂಗಡ್ಡೆ ಹೆಚ್ಚಿ ಎಣ್ಣೆಗೆ ಬಿಟ್ಟರಾಯಿತು ಎನ್ನುವವರ ಜೊತೆ ಎಣ್ಣೆಯಕ್ಕ ವಾದಕ್ಕೆ ಇಳಿಯುತ್ತಿರಲಿಲ್ಲ. "ಒಂಚೂರು ಆ ಕಡೆ ನೋಡಿ" ಎಂದು ಗಂಡನ ಕೈ ತೋರಿಸಿಬಿಡುತ್ತಿದ್ದಳು. ನೋಡುವಂಥ ಕೈಯೇ ಅದು. ಆಲೂಗಡ್ಡೆಯ ಒಂದು ಬದಿ ಸವರಿ, ಹಲಗೆಯ ಮೇಲೆ ಅಲುಗದಂತೆ ಕೂರಿಸಿ, ಅವನು ಚೂರಿ ಆಡಿಸಿದನೆಂದರೆ ಬೆರಳು ಗಾತ್ರದ ತುಂಡುಗಳು ಒಂದೇ ಅಳತೆಯಲ್ಲಿ ಸಾಲಾಗಿ ಮಲಗುತ್ತಿದ್ದವು. ಅದು ಮಾಮೂಲಿ ಬೆರಳು ಕಟ್. ಕಡ್ಡಿ ಕಟ್ ಎಂದರೆ ಬೆಂಕಿಕಡ್ಡಿಯಷ್ಟೇ ಸಣ್ಣ, ಎಣ್ಣೆಗೆ ಬಿದ್ದು ಏಳುವುದರೊಳಗೆ ಗರಿಗರಿ. ದೋಣಿ ಕಟ್ ಸಿಪ್ಪೆ ಸಮೇತ, ದಪ್ಪ, ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಅಲೆ ಕಟ್‌ಗೆ ಬಾಯಿ ಸುಕ್ಕುಸುಕ್ಕಾದ ಬೇರೆ ಚೂರಿಯೇ ಇತ್ತು. ಆ ಏಣುಗಳ ಸಂದಿಯಲ್ಲಿ ಉಪ್ಪು ಹೋಗಿ ಕೂತರೆ ಏಳುತ್ತಿರಲಿಲ್ಲ. ಅದೇ ಚೂರಿಯಲ್ಲಿ ಒಂದು ಸಲ ಹೆಚ್ಚಿ, ಗಡ್ಡೆಯನ್ನು ಅಡ್ಡ ತಿರುಗಿಸಿ ಇನ್ನೊಂದು ಸಲ ಹೆಚ್ಚಿದರೆ ಜಾಲರಿ. ಅದನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬಸ್ಸು ಕಾಣುತ್ತಿತ್ತು. ಇನ್ನು ಸುರುಳಿ: ಗಡ್ಡೆಗೆ ಉದ್ದನೆಯ ಕಡ್ಡಿ ಚುಚ್ಚಿ, ಚೂರಿಯನ್ನು ಓರೆಯಾಗಿ ಒತ್ತಿ, ಎಡಗೈಯಲ್ಲಿ ಗಡ್ಡೆ ತಿರುಗಿಸುತ್ತಾ ಹೋಗುವುದು. ಆಗ ಶಾಲೆ ಬಿಟ್ಟು ಬಂದ ಮಕ್ಕಳ ಗುಂಪು ಕೂಡ ಗಲಾಟೆ ನಿಲ್ಲಿಸಿ ಕಿಟಕಿಗೆ ಮೂಗು ಒತ್ತುತ್ತಿತ್ತು. ಎಷ್ಟೋ ವರ್ಷ ಪಕ್ಕದಲ್ಲೇ ನಿಂತಿದ್ದ ಎಣ್ಣೆಯಕ್ಕನೂ ಆ ಹೊತ್ತಿಗೆ ಜಾಲಿ ಸೌಟು ಹಿಡಿದು ನೋಡುತ್ತಾ ನಿಂತುಬಿಡುತ್ತಿದ್ದಳು.

ಅಂಗಡಿಗೆ ಎರಡು ಕಾನೂನುಗಳಿದ್ದವು. ದಿನದ ಮೊದಲ ತುಂಡು ಹೆಚ್ಚಿದವರಿಗೆ. ಕರಿದವಳು ಅದನ್ನು ತಟ್ಟೆಯಲ್ಲಿಟ್ಟು ಕೊಡಬೇಕು, ಹೆಚ್ಚಿದವನು ತಿಂದು ತೀರ್ಪು ಹೇಳಬೇಕು. ಚೂರಿಯಣ್ಣ ನಿಧಾನವಾಗಿ ಅಗಿದು, ಕಣ್ಣು ಮುಚ್ಚಿ ತೆರೆದು, "ಪರವಾಗಿಲ್ಲ" ಎನ್ನುತ್ತಿದ್ದ. ಅಷ್ಟೇ. ಪರವಾಗಿಲ್ಲ ಅಂದರೆ ಚೆನ್ನಾಗಿದೆ ಅಂತಲೋ, ಹೇಗೋ ನುಂಗಬಹುದು ಅಂತಲೋ ಎಂದು ಕೇಳಲು ಎಣ್ಣೆಯಕ್ಕನ ನಾಲಿಗೆ ತುದಿಯವರೆಗೆ ಬರುತ್ತಿತ್ತು. ಕೇಳಿದವಳಲ್ಲ. ಎರಡನೆಯ ಕಾನೂನು: ಅಳತೆ ತಪ್ಪಿದ ತುಂಡು ಗಿರಾಕಿಗೆ ಹೋಗಕೂಡದು. ಚೂರಿಯಣ್ಣನ ಕಣ್ಣಿಗೆ ಅಂಥದ್ದೊಂದು ಬಿದ್ದರೆ ಮುಗಿಯಿತು, ಮಾತಾಡುತ್ತಿದ್ದವನು ಮಾತು ಬಿಟ್ಟು ಅದನ್ನು ಹೆಕ್ಕಿ ಪಕ್ಕದ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ. ಸಂಜೆ ಅಂಗಡಿ ಮುಚ್ಚುವ ಮುಂಚೆ ಡಬ್ಬಿಯ ತಪ್ಪು ತುಂಡುಗಳನ್ನೆಲ್ಲ ಕರಿದು, ಹಿಂದಿನ ಬೆಂಚಿನ ಮೇಲೆ ಗಂಡ ಹೆಂಡತಿ ತಿನ್ನುತ್ತಿದ್ದರು.

ಒಂದು ಬೆಳಗ್ಗೆ ಅವನ ಕೈಯಿಂದ ಚೂರಿ ಜಾರಿ ಬಿತ್ತು. ಚೂರಿಯಣ್ಣನ ಕೈಯಿಂದ ಚೂರಿ ಬೀಳುವುದೆಂದರೇನು! ಎಣ್ಣೆಯಕ್ಕ ನಗುತ್ತಲೇ ತಿರುಗಿದಳು. ಅವನ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

ಲಕ್ವ ಎಂದರು. ಮಾತು ಬೇಗ ಮರಳಿತು, ಕಾಲು ಎಳೆಯುತ್ತಾ ಎಳೆಯುತ್ತಾ ನಡೆಯುವ ಮಟ್ಟಕ್ಕೆ ಬಂತು, ಬಲಗೈ ಮಾತ್ರ ಬೇರೆಯವರದ್ದನ್ನು ತಂದು ಇಟ್ಟ ಹಾಗೆ ತೊಡೆಯ ಮೇಲೆ ಬಿದ್ದುಕೊಂಡಿತು. ವಾರಕ್ಕೊಮ್ಮೆ ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಚುರುಕಿನ ಹೆಂಗಸಿಗೆ ಚೂರಿಯಣ್ಣ ಕಸರತ್ತು ಮೇಡಂ ಎಂದು ಹೆಸರಿಟ್ಟಿದ್ದ. ಆಕೆ ಎಣ್ಣೆಯಕ್ಕನನ್ನು ಬಾಗಿಲ ಹೊರಗೆ ಕರೆದು ಮುಚ್ಚುಮರೆ ಇಲ್ಲದೆ ಹೇಳಿದಳು.

"ಅಕ್ಕ, ಬೆರಳಲ್ಲಿ ಇನ್ನೂ ಜೀವ ಇದೆ. ಆದ್ರೆ ಈ ಕೆಲವು ತಿಂಗಳೇ ಮುಖ್ಯ. ಈಗ ಕೈನ ಸುಮ್ನೆ ಬಿಟ್ರೆ ಮಡಚಿಕೊಂಡು ಹಾಗೇ ಕೂತುಬಿಡತ್ತೆ. ದಿನಾ ಏನಾದ್ರೂ ಹಿಡೀಬೇಕು, ಬಿಡಬೇಕು."

ಹಿಡಿಯಲು ಆಕೆ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟಳು. ಚೂರಿಯಣ್ಣ ಅದನ್ನು ನೋಡಿದ ನೋಟವನ್ನು ಚೆಂಡು ಮರೆತಿರಲಿಕ್ಕಿಲ್ಲ. "ನಾನೇನು ತೊಟ್ಟಿಲ ಮಗುನಾ?" ಎಂದ. ಬಟ್ಟೆ ಕ್ಲಿಪ್ಪು ಕೊಟ್ಟರೆ, "ಒಗೆಯೋ ಕೆಲಸ ಯಾವಾಗಿಂದ ನಂದಾಯ್ತು?" ಎಂದ. ಮೂರನೆಯ ವಾರಕ್ಕೆ ಚೆಂಡು ಮೆಟ್ಟಿಲಿಳಿದು ಬೀದಿ ನಾಯಿಯ ಪಾಲಾಯಿತು, ಕೈ ತೊಡೆಯ ಮೇಲೇ ಉಳಿಯಿತು.

ಅಂಗಡಿ ಮುಚ್ಚಿಕೊಂಡು ಕೂರಲು ಎಣ್ಣೆಯಕ್ಕನಿಂದ ಆಗಲಿಲ್ಲ. ಗಂಡನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಾನೇ ಹೆಚ್ಚಲು ನಿಂತಳು. ಅವನ ಅಗಲ ಚೂರಿ ಅವಳ ಕೈಗೆ ಕೂರಲೇ ಇಲ್ಲ. ಮರದ ಹಿಡಿ ಅವನ ಬೆರಳುಗಳಿಗೆ ತಕ್ಕಂತೆ ಸವೆದು ಹೋಗಿತ್ತು. ಅದನ್ನು ಗೋಡೆಗೆ ತೂಗುಹಾಕಿ ಸಣ್ಣದೊಂದನ್ನು ಹಿಡಿದಳು. ಅಬ್ಬಾ, ಆ ಮೊದಲ ದಿನಗಳ ಹೆಚ್ಚುವಿಕೆ! ಒಂದು ತುಂಡು ಹೆಬ್ಬೆರಳು, ಒಂದು ಕಿರುಬೆರಳು, ಇನ್ನೊಂದು ಎರಡರ ನಡುವಿನ ಅನಾಥ. ಎಣ್ಣೆಗೆ ಬಿಟ್ಟರೆ ಸಣ್ಣವು ಕರಕಲು, ದಪ್ಪವು ಹಸಿ. ಇಷ್ಟು ವರ್ಷ ತನ್ನ ಕರಿಯುವ ಕೈಯೇ ಹದದ್ದು ಎಂದು ಒಳಗೊಳಗೆ ಬೀಗಿದ್ದವಳಿಗೆ ಆಗ ಅರ್ಥವಾಯಿತು: ಎಲ್ಲ ಒಂದೇ ಹೊತ್ತಿಗೆ ಬೇಯುತ್ತಿದ್ದದ್ದು ಅವನು ಎಲ್ಲವನ್ನೂ ಒಂದೇ ಅಳತೆಗೆ ಹೆಚ್ಚಿ ಕೊಡುತ್ತಿದ್ದುದರಿಂದ. ಗಂಡನ ಮೇಲಿನ ಮೆಚ್ಚಿಗೆಗೆ ಕಣ್ಣು ತುಂಬಿ ಬಂತು, ಈರುಳ್ಳಿ ಕೂಡ ಹತ್ತಿರ ಇರಲಿಲ್ಲ.

ಕಾನೂನಿನ ಪ್ರಕಾರ ಮೊದಲ ತುಂಡು ಈಗ ಅವಳದೇ, ಆದರೂ ತೀರ್ಪು ಹೇಳುವವನು ಅವನೇ. ಮೊದಲ ತಟ್ಟೆಯನ್ನು ಅವನ ಮುಂದಿಟ್ಟಳು. ಅವನ ಎಡಗೈಯಲ್ಲಿ ಬಿಸಿ ಚಹಾದ ಲೋಟ ಇತ್ತು. ತಟ್ಟೆಯ ನಡುವೆ ಒಂದು ಭೀಮಾಕಾರದ ತುಂಡು ಕಾಲು ಚಾಚಿ ಮಲಗಿತ್ತು.

"ಏನೇ ಇದು?" ಎಂದ ಚೂರಿಯಣ್ಣ.

"ಫ್ರೈಸು."

"ಇದು ಫ್ರೈಸಾ? ಬಾಗಿಲಿಗೆ ಅಗಳಿ ಹಾಕ್ಬಹುದು ಇದರಲ್ಲಿ! ಇದನ್ನ ಗಿರಾಕಿಗೆ ಕೊಡ್ತೀಯಾ? ತೆಗಿ ಆಚೆ!"

ಸಿಟ್ಟಿನ ಭರದಲ್ಲಿ ತೊಡೆಯ ಮೇಲಿನ ಬಲಗೈ ಮೇಲೆದ್ದಿತು. ನಡುಗುತ್ತಾ ತಟ್ಟೆಯ ಅಂಚಿಗೆ ಬಂದು, ಆ ತುಂಡಿನ ಮೇಲೆ ಬಿದ್ದು, ಬೆರಳುಗಳು ಒಟ್ಟಿಗೆ ಮುಚ್ಚಿಕೊಂಡವು. ಎತ್ತಲು ಆಗಲಿಲ್ಲ, ತಟ್ಟೆಯಿಂದಾಚೆಗೆ ತಳ್ಳಿತು ಅಷ್ಟೇ. ಚೂರಿಯಣ್ಣ ಅದನ್ನು ಗಮನಿಸಲೂ ಇಲ್ಲ, ಬೈಯುವುದರಲ್ಲೇ ಮುಳುಗಿದ್ದ. ಎಣ್ಣೆಯಕ್ಕ ಗಮನಿಸಿದಳು. ಮುಖ ತಿರುಗಿಸಿ, ಎಣ್ಣೆಯನ್ನು ಸುಮ್ಮಸುಮ್ಮನೆ ಕಲಕಿದಳು.

ಅಂದೇ ಕಸರತ್ತು ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಕಡೆಯಿಂದ ದೊಡ್ಡ ನಗು ಕೇಳಿಸಿತು. "ಚೆಂಡು ಹಾಳಾಗಿ ಹೋಗ್ಲಿ ಅಕ್ಕ, ಇದನ್ನೇ ಮುಂದುವರಿಸಿ. ಮೊದಲು ದಪ್ಪದ್ದು, ಮುಷ್ಟಿಗೆ ಸಿಗೋ ಹಾಗೆ. ಹಿಡಿತ ಬಂದ ಹಾಗೆಲ್ಲ ಸಣ್ಣ ಮಾಡ್ತಾ ಹೋಗಿ. ಆದ್ರೆ ಅವರಿಗೆ ಗೊತ್ತಾಗಬಾರದು, ಗೊತ್ತಾದ್ರೆ ಅದೂ ಚೆಂಡಾಗಿಬಿಡತ್ತೆ."

ಅಲ್ಲಿಂದ ಶುರುವಾಯಿತು ಎಣ್ಣೆಯಕ್ಕನ ಗುಟ್ಟಿನ ಕಾರುಬಾರು. ದಿನಾ ಬೆಳಗ್ಗೆ ಅವನ ಎಡಗೈಗೆ ಚಹಾ, ಮುಂದೆ ತಟ್ಟೆ, ತಟ್ಟೆಯಲ್ಲಿ ಬೇಕೆಂದೇ ಹಾಕಿದ ಒಂದು ತಪ್ಪು ತುಂಡು. ಇದರಲ್ಲೊಂದು ತೊಡಕಿತ್ತು. ತಪ್ಪು ತುಂಡು ಎದ್ದು ಕಾಣಬೇಕಾದರೆ ಉಳಿದದ್ದೆಲ್ಲ ಸರಿಯಾಗಿರಬೇಕು. ಹೀಗಾಗಿ ಅವಳು ನೆಟ್ಟಗೆ ಹೆಚ್ಚುವುದನ್ನು ಕಲಿಯಲೇಬೇಕಾಯಿತು. ಗಂಡ ಹೇಗೆ ನಿಲ್ಲುತ್ತಿದ್ದ, ಮೊಣಕೈ ಎಲ್ಲಿರುತ್ತಿತ್ತು, ಎಡಗೈ ಬೆರಳ ತುದಿಗಳನ್ನು ಹೇಗೆ ಒಳಗೆ ಮಡಚಿಕೊಳ್ಳುತ್ತಿದ್ದ ಎಂದು ನೆನಪಿನಿಂದ ಒಂದೊಂದಾಗಿ ಹೆಕ್ಕಿ ತಂದಳು. ಅವನು ಕುರ್ಚಿಯಿಂದಲೇ ಗೊಣಗುತ್ತಿದ್ದ: "ಚೂರಿನ ಒತ್ತಬೇಡ, ಮುಂದಕ್ಕೆ ಬಿಡು. ಅದಕ್ಕೆ ಗೊತ್ತು ಎಲ್ಲಿ ಹೋಗ್ಬೇಕು ಅಂತ."

ಮೊದಲು ಬೆರಳು ಕಟ್‌ಗಳ ನಡುವೆ ಒಂದು ದೋಣಿ. ಅವನು ಇಡೀ ಮುಷ್ಟಿಯಲ್ಲಿ ಹಿಡಿದು, ಹಿಚುಕಿ, ಡಬ್ಬಿಗೆ ಹಾಕಲು ಹೋಗಿ ನೆಲಕ್ಕೆ ಹಾಕಿದ. ಕೆಲವು ದಿನಗಳಲ್ಲಿ ಡಬ್ಬಿಗೇ ಬಿತ್ತು. ಆಮೇಲೆ ಸುರುಳಿಯ ಒಂದು ಚೂರು. ಬೆರಳು ಕೊಕ್ಕೆ ಮಾಡಿ ಎಳೆದರೆ ಬರುವಂಥದ್ದು. "ಸುರುಳಿ ಇಲ್ಲಿಗೆ ಹೇಗೆ ಬಂತು? ನಿನ್ನ ತಲೆ ಎಲ್ಲಿದೆ?" ಎಂದು ಬೈದು, ತೋರುಬೆರಳಿಗೆ ಸಿಕ್ಕಿಸಿಕೊಂಡು ಎತ್ತಿದ. ಮತ್ತೆ ಅಲೆ. ಸುಕ್ಕುಸುಕ್ಕು ಇದ್ದದ್ದರಿಂದ ಎಣ್ಣೆಗೈಯಿಂದಲೂ ಜಾರದೆ ನಿಂತಿತು. ಚೂರಿಯಣ್ಣ ಬೈದಷ್ಟೂ ಕೈ ಚುರುಕಾಗುತ್ತಿತ್ತು. ಎಣ್ಣೆಯಕ್ಕ ಬೈಸಿಕೊಂಡು ಇಷ್ಟು ಖುಷಿಪಟ್ಟದ್ದು ಮದುವೆಯಾದ ಮೇಲೆ ಇದೇ ಮೊದಲು.

ಹೀಗೆ ಎಲ್ಲ ನೇರ ನಡೆಯುತ್ತಿದೆ ಎನ್ನುವಷ್ಟರಲ್ಲಿ, ಒಂದು ಮಧ್ಯಾಹ್ನ ಅವಳು ಮಾರುಕಟ್ಟೆಯಿಂದ ಬಂದು ನೋಡಿದರೆ ಗೋಡೆಯ ಮೊಳೆ ಬೋಳಾಗಿತ್ತು.

"ರೀ, ಚೂರಿ ಎಲ್ಲಿ?"

ಅವನು ಕಿಟಕಿಯ ಹೊರಗೆ ನೋಡುತ್ತಾ ಹೇಳಿದ, "ಸಾಣೆಯವನು ಬಂದಿದ್ದ. ಕೊಟ್ಟುಬಿಟ್ಟೆ. ಯಾರಿಗಾದ್ರೂ ಮಾರಿಕೋ ಅಂದೆ."

"ಯಾರನ್ನ ಕೇಳಿ ಕೊಟ್ರಿ?"

"ನನ್ನ ಚೂರಿ ಕೊಡೋಕೆ ಯಾರನ್ನ ಕೇಳ್ಬೇಕು? ಗೋಡೆ ಮೇಲೆ ನೇತಾಡ್ತಾ ದಿನಾ ನನ್ನನ್ನೇ ನೋಡ್ತಿತ್ತು. ಒಂದು ತುಂಡು ನೆಟ್ಟಗೆ ಎತ್ತೋಕಾಗದವನು ಚೂರಿ ಇಟ್ಕೊಂಡು ಏನು ಪೂಜೆ ಮಾಡ್ಲಾ?"

ಎಣ್ಣೆಯಕ್ಕ ರೇಗಿದಳು. ಬಾಯಿಗೆ ಬಂದದ್ದೆಲ್ಲ ಅಂದಳು. ಹೇಡಿ ಎಂದಳು, ಕೈಗಿಂತ ಮೊದಲು ಮನಸ್ಸಿಗೆ ಲಕ್ವ ಹೊಡೆದಿದೆ ಎಂದಳು. ಅವಳು ಏಪ್ರನ್ ಕಿತ್ತೆಸೆದು ಬೀದಿಯ ತುದಿಯಲ್ಲಿದ್ದ ಸಾಣೆಯವನ ಗೂಡಿಗೆ ಓಡಿದಳು. ಅವನು ಚಕ್ರ ನಿಲ್ಲಿಸಿ, ಕೆಳಗಿನ ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ಗಂಟು ತೆಗೆದ.

"ಮಾರೋದಾ? ಈ ಹಿಡಿ ಇನ್ಯಾರ ಕೈಗೆ ಕೂರತ್ತೆ ಅಕ್ಕ? ಸಾಣೆ ಹಿಡಿದು ಇಟ್ಟಿದ್ದೀನಿ. ತಗೊಂಡು ಹೋಗಿ."

ಅವಳು ಕೈ ಚಾಚಿದಳು, ಅರ್ಧಕ್ಕೇ ನಿಲ್ಲಿಸಿದಳು. ತಾನು ತಂದು ಮತ್ತೆ ಮೊಳೆಗೆ ಹಾಕಿದರೆ ಅದು ಮತ್ತೆ ಅವನನ್ನು ದಿಟ್ಟಿಸುತ್ತಾ ನೇತಾಡುತ್ತದೆ, ಅವನು ಮತ್ತೆ ತಲೆ ತಗ್ಗಿಸುತ್ತಾನೆ.

"ಬೇಡ, ಇಲ್ಲೇ ಇರ್ಲಿ," ಎಂದಳು. "ಕೊಟ್ಟವರೇ ಬಂದು ಇಸ್ಕೊಳ್ಳಲಿ."

ಗಂಡ ಬರದೇ ಹೋದರೆ? ಮಾರನೆಯ ಬೆಳಗ್ಗೆ ಸಿಟ್ಟು ಆರಿರಲಿಲ್ಲ, ಅಳು ನಿಂತಿರಲಿಲ್ಲ. ಆದರೂ ಹೆಚ್ಚಿದಳು, ಕರಿದಳು, ಚಹಾ ಕೊಟ್ಟಳು, ತಟ್ಟೆ ಇಟ್ಟಳು. ತಟ್ಟೆಯ ಬೆರಳು ಕಟ್‌ಗಳ ನಡುವೆ ಒಂದು ಜಾಲರಿ ಇತ್ತು. ಅದನ್ನು ಎತ್ತಲು ಹೆಬ್ಬೆರಳು ತೋರುಬೆರಳು ಎರಡೂ ಎದುರುಬದುರಾಗಿ ಸೇರಬೇಕು. ಚೂರಿಯಣ್ಣ ತಟ್ಟೆಯನ್ನೇ ಬಹಳ ಹೊತ್ತು ನೋಡಿದ. ಅವಳನ್ನೂ ನೋಡಿದ. ಬೈಯಲಿಲ್ಲ. ಕೈ ಚಾಚಿ, ಜಾರಿ, ಮತ್ತೆ ಚಾಚಿ, ಜಾಲರಿಯನ್ನು ಎತ್ತಿ ಡಬ್ಬಿಗೆ ಹಾಕಿದ.

ಅಲ್ಲಿಂದಾಚೆಗೆ ಅವನ ಬೈಗುಳ ಕಡಿಮೆಯಾಯಿತು. ಎಣ್ಣೆಯಕ್ಕನಿಗೆ ಅದೇ ದಿಗಿಲು. ಸಿಟ್ಟೇ ಬಾರದಿದ್ದರೆ ಕೈ ಏಳುವುದು ಹೇಗೆ? ಆದರೆ ಕೈ ಏಳುತ್ತಿತ್ತು. ತುಂಡುಗಳು ಸಣ್ಣಗಾಗುತ್ತಾ ಹೋದವು, ಬೆರಳುಗಳು ಅವುಗಳ ಹಿಂದೆ ಹೋದವು.

ಕೆಲವು ವಾರಗಳ ಮೇಲೆ ಶಾಲೆಯಲ್ಲಿ ಆಟೋಟದ ದಿನ ಬಂತು. ಮಕ್ಕಳಿಗೆ ಕಡ್ಡಿ ಕಟ್ ಎಂದರೆ ಪ್ರಾಣ ಎಂದು ಎಣ್ಣೆಯಕ್ಕ ಬೆಳಗಿನಿಂದ ಅದನ್ನೇ ಹೆಚ್ಚುತ್ತಿದ್ದಳು. ಹೆಚ್ಚಿದ್ದನ್ನು ನೀರಿಗೆ ಹಾಕು, ತೆಗೆದು ಬಟ್ಟೆಯ ಮೇಲೆ ಹರಡು, ಒರೆಸು, ಮತ್ತೆ ಹೆಚ್ಚು. ಉಸಿರಾಡಲು ಪುರುಸೊತ್ತಿರಲಿಲ್ಲ. ಮೊದಲ ಹಿಡಿಯನ್ನು ಕರಿದು, ಉಪ್ಪು ಉದುರಿಸಿ, ಗಂಡನ ಮುಂದೆ ತಟ್ಟೆ ಕುಕ್ಕಿ, ಮತ್ತೆ ಹಲಗೆಗೆ ತಿರುಗಿದಳು.

ಸ್ವಲ್ಪ ಹೊತ್ತಿನ ಮೇಲೆ ಏನೋ ಸಪ್ಪಳ ಕೇಳಿಸಿತು. ತಿರುಗಿ ನೋಡಿದರೆ ಚೂರಿಯಣ್ಣ ಚಹಾದ ಲೋಟವನ್ನು ಪಕ್ಕಕ್ಕಿಟ್ಟಿದ್ದ. ಎಡಗೈ ಖಾಲಿ ಇತ್ತು, ಅದನ್ನು ಅವನು ಬಳಸುತ್ತಿರಲಿಲ್ಲ. ಬಲಗೈಯಿಂದ ಒಂದೊಂದೇ ಕಡ್ಡಿಯನ್ನು ಎತ್ತಿ, ಕನ್ನಡಕದ ಹತ್ತಿರ ತಂದು ನೋಡಿ, ತಟ್ಟೆಯ ಇನ್ನೊಂದು ಬದಿಗೆ ಇಡುತ್ತಿದ್ದ. ಬೆಂಕಿಕಡ್ಡಿಯಷ್ಟು ಸಣ್ಣ ಕಡ್ಡಿಗಳು. ಒಂದೂ ಮುರಿದಿರಲಿಲ್ಲ. ತಟ್ಟೆಯ ಆ ಬದಿ ಪೂರ್ತಿ ತುಂಬಿತ್ತು.

"ಎಲ್ಲಿ?" ಎಂದ.

"ಏನು ಎಲ್ಲಿ?"

"ಇವತ್ತಿಂದು. ಎಲ್ಲಿ ಬಚ್ಚಿಟ್ಟಿದ್ದೀಯ? ಎಲ್ಲಾ ಹುಡುಕಿದೆ, ಸಿಕ್ತಾ ಇಲ್ಲ."

ಎಣ್ಣೆಯಕ್ಕ ಚೂರಿ ಕೆಳಗಿಟ್ಟಳು. ಗಡಿಬಿಡಿಯಲ್ಲಿ ಇಂದು ತಪ್ಪು ತುಂಡು ಹಾಕುವುದನ್ನೇ ಮರೆತಿದ್ದಳು. ಗುಟ್ಟು ರಟ್ಟಾಯಿತು ಎಂದು ಒಂದು ಗಳಿಗೆ ಹೆದರಿದಳು, ಇನ್ನು ಇದೂ ಚೆಂಡಾಗುತ್ತದೆ ಎಂದುಕೊಂಡಳು.

"ನಿಮಗೆ ಯಾವಾಗಿಂದ ಗೊತ್ತು?"

"ಚೂರಿ ಕೊಟ್ಟ ಮಾರನೇ ದಿನದಿಂದ," ಎಂದ ಚೂರಿಯಣ್ಣ. "ನೀನು ಅವತ್ತು ಮೂಗು ಒರೆಸ್ಕೊಳ್ತಾ ಹೆಚ್ತಾ ಇದ್ದೆ. ಅಷ್ಟು ಸಿಟ್ಟಲ್ಲಿ ಹೆಚ್ಚಿದ್ರೆ ನನ್ನ ಕೈಯೇ ತಪ್ಪತ್ತೆ. ಆದ್ರೆ ತಟ್ಟೇಲಿ ನೋಡಿದ್ರೆ ತಪ್ಪಿರೋದು ಒಂದೇ ಒಂದು. ಅದೂ ಜಾಲರಿ. ಅದೂ ನನ್ನ ಬಲಗೈ ಪಕ್ಕಕ್ಕೆ. ನನಗೆ ಹೊಡೆದಿದ್ದು ಲಕ್ವ ಕಣೇ, ಕಣ್ಣೇನು ಹೋಗಿರ್ಲಿಲ್ಲ."

"ಮತ್ತೆ ಬಾಯಿ ಮುಚ್ಕೊಂಡು ಯಾಕಿದ್ರಿ?"

"ಬಾಯಿ ಬಿಟ್ರೆ ನೀನು ನಿಲ್ಲಿಸಿಬಿಡ್ತಿದ್ದೆ." ಅವನು ಒಂದು ಕಡ್ಡಿಯನ್ನು ಎತ್ತಿ ಬೆಳಕಿಗೆ ಹಿಡಿದ. "ಬೆಳಗ್ಗೆ ಕಣ್ಣು ಬಿಟ್ರೆ ಅದೇ ಯೋಚನೆ, ಇವತ್ತು ಯಾವುದು ಇಟ್ಟಿರ್ತಾಳೋ ಅಂತ. ಅದಕ್ಕೇ ಎದ್ದು ಬರ್ತಿದ್ದೆ. ಇಲ್ಲದಿದ್ರೆ ಹಾಸಿಗೆಯಿಂದ ಏಳೋಕೆ ನನಗೆ ಏನಿತ್ತು ಹೇಳು?"

ಎಣ್ಣೆಯಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡಳು, ಒರೆಸಿದ್ದನ್ನೇ ಒರೆಸಿಕೊಂಡಳು.

"ಇವತ್ತು ಹಾಕೋಕೆ ಮರೆತೆ," ಎಂದಳು ಕೊನೆಗೆ.

"ಹಾಗಾದ್ರೆ ಇದರಲ್ಲಿ ತಪ್ಪೇ ಇಲ್ಲ ಅಂತಾಯ್ತು." ಅವನು ತಟ್ಟೆಯನ್ನೂ ಅವಳ ಕೈಯನ್ನೂ ನೋಡಿದ. "ಇಷ್ಟು ಸಣ್ಣ ಕಡ್ಡೀಲಿ ಒಂದು ತಪ್ಪೂ ಇಲ್ಲ! ನನಗೆ ಈ ಹದ ಬರೋಕೆ ಎಷ್ಟು ವರ್ಷ ಬೇಕಾಯ್ತು ಗೊತ್ತಾ?"

ಕಿಟಕಿಯ ಹೊರಗೆ ಮಕ್ಕಳು ಗಲಾಟೆ ಮಾಡುತ್ತಿದ್ದರು, ಎಣ್ಣೆ ಕಾಯುತ್ತಿತ್ತು. ಚೂರಿಯಣ್ಣ ಕುರ್ಚಿಯ ಹಿಡಿಯನ್ನು ಊರಿಕೊಂಡು ಎದ್ದ.

"ಎಲ್ಲಿಗೆ?"

"ಸಾಣೆಯವನ ಹತ್ರ. ಮಾರಿದ್ದಾನೋ ಇಟ್ಟಿದ್ದಾನೋ ನೋಡಿ ಬರ್ತೀನಿ."

ಇಟ್ಟಿದ್ದಾನೆ ಎಂದು ಅವಳು ಹೇಳಲಿಲ್ಲ. ನಾನೂ ಬರುತ್ತೇನೆ ಎಂದೂ ಹೇಳಲಿಲ್ಲ, ಹಾಗೆ ಹೇಳದಿರುವುದಕ್ಕೆ ಎಷ್ಟು ಕಷ್ಟವಾಯಿತೆಂದು ಅವಳಿಗೇ ಗೊತ್ತು. ಕಡ್ಡಿಗಳನ್ನು ಎಣ್ಣೆಗೆ ಬಿಡುತ್ತಾ, ತೆಗೆಯುತ್ತಾ, ಕಾಗದದ ಪೊಟ್ಟಣಗಳಿಗೆ ತುಂಬುತ್ತಾ, ಪ್ರತಿ ಸಲ ತಲೆ ಎತ್ತಿದಾಗಲೂ ಬೀದಿಯನ್ನೇ ನೋಡಿದಳು. ಒಂದು ಕಾಲು ಎಳೆಯುತ್ತಾ ಅವನು ಹೋದ. ಬರುವಾಗ ಬಟ್ಟೆಯ ಗಂಟು ಬಲಗೈಯಲ್ಲಿತ್ತು. ಎರಡು ಕಡೆ ನಿಂತು ಸುಧಾರಿಸಿಕೊಂಡ, ಆದರೆ ಗಂಟನ್ನು ಎಡಗೈಗೆ ಬದಲಾಯಿಸಲಿಲ್ಲ.

ಮಕ್ಕಳ ಗುಂಪು ಕರಗಿದ ಮೇಲೆ ಎಣ್ಣೆಯಕ್ಕ ಹಲಗೆ ಒರೆಸಿ, ಒಂದು ಆಲೂಗಡ್ಡೆ ಇಟ್ಟು, ಪಕ್ಕಕ್ಕೆ ಸರಿದು ನಿಂತಳು. ಚೂರಿಯಣ್ಣ ತನ್ನ ಚೂರಿಯನ್ನು ಹಿಡಿದ. ಸವೆದ ಹಿಡಿ ಅವನ ಬೆರಳುಗಳನ್ನು ಮರೆತಿರಲಿಲ್ಲ. ಬೆರಳುಗಳೇ ಕೊಂಚ ತಡಕಾಡಿದವು. ಮೊದಲ ಏಟು ಓರೆಯಾಯಿತು. ಎರಡನೆಯದಕ್ಕೆ ಗಡ್ಡೆ ಉರುಳಿತು. ಹಿಂದೆ ಎರಡು ಮಾತಾಡುವುದರೊಳಗೆ ಮುಗಿಸುತ್ತಿದ್ದ ಒಂದೇ ಒಂದು ಆಲೂಗಡ್ಡೆಗೆ ಅವನು ಬೆವರು ಸುರಿಸಿ ದುಡಿದ. ಕೊನೆಗೆ ಹಲಗೆಯ ಮೇಲೆ ಬಿದ್ದಿದ್ದ ತುಂಡುಗಳಲ್ಲಿ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ಎಲೆ.

"ಎಲ್ಲಾ ತಪ್ಪು ತುಂಡು," ಎಂದು ಅವನೇ ಬಾಚಿ ಡಬ್ಬಿಗೆ ಹಾಕಿದ. ಮುಖ ಮಾತ್ರ ಬಾಡಿರಲಿಲ್ಲ.

ಸಂಜೆ ಅಂಗಡಿಯ ಮುಂದಿನ ಬಾಗಿಲು ಅರ್ಧ ಎಳೆದು, ಎಣ್ಣೆಯಕ್ಕ ಡಬ್ಬಿಯದ್ದನ್ನು ಕರಿದಳು. ಬೇರೆ ಯಾವ ದಿನವೂ ಇಷ್ಟು ಜೋಪಾನವಾಗಿ ಕರಿದವಳಲ್ಲ. ದಪ್ಪ ತುದಿ ಬೇಯುವವರೆಗೆ ಕಾಯಬೇಕು, ಸಣ್ಣ ತುದಿ ಸುಡಬಾರದು. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಗೊತ್ತಿದ್ದೂ ಪ್ರಯತ್ನಿಸಿದಳು. ಹಿಂದಿನ ಬೆಂಚಿನ ಮೇಲೆ ತಟ್ಟೆ ಇಟ್ಟುಕೊಂಡು ಇಬ್ಬರೂ ಕೂತರು.

"ಮೊದಲ ತುಂಡು ಹೆಚ್ಚಿದವರಿಗೆ. ತಗೊಳ್ಳಿ," ಎಂದಳು.

ಅವನು ಬಲಗೈಯಿಂದ ಒಂದು ತುಂಡು ಎತ್ತಿದ. ವರ್ಷಗಳ ಅಭ್ಯಾಸದಂತೆ ಅವಳು ತೀರ್ಪಿಗಾಗಿ ಅವನ ಬಾಯಿಯನ್ನೇ ನೋಡುತ್ತಾ ಕೂತಳು. ತುಂಡು ಅವನ ಬಾಯಿಗೆ ಹೋಗಲಿಲ್ಲ. ಸ್ವಲ್ಪ ನಡುಗುತ್ತಾ ಅವಳ ಕಡೆಗೇ ಬಂದು ನಿಂತಿತು.

"ಇವತ್ತು ನೀನು ಹೇಳು."

ಎಣ್ಣೆಯಕ್ಕ ಬಾಯಿ ತೆರೆದು ತೆಗೆದುಕೊಂಡಳು. ಒಂದು ತುದಿ ಕರಕಲು, ಇನ್ನೊಂದು ತುದಿ ಹಸಿ, ಉಪ್ಪು ಒಂದೇ ಕಡೆ. ಇಷ್ಟು ರುಚಿಯ ತುಂಡನ್ನು ಅವಳು ಈ ಅಂಗಡಿಯಲ್ಲಿ ತಿಂದಿರಲಿಲ್ಲ. ನಿಧಾನವಾಗಿ ಅಗಿದು, ಕಣ್ಣು ಮುಚ್ಚಿ ತೆರೆದಳು.

"ಪರವಾಗಿಲ್ಲ," ಎಂದಳು.

ಚೂರಿಯಣ್ಣ ಅವಳನ್ನೇ ನೋಡಿದ. "ಪರವಾಗಿಲ್ಲ ಅಂದ್ರೆ? ಚೆನ್ನಾಗಿದೆ ಅಂತಲಾ, ಇಲ್ಲ ಸುಮ್ನೆ ಹೇಳ್ತಿದ್ದೀಯಾ?"

ಎಣ್ಣೆಯಕ್ಕ ಹೇಳಲಿಲ್ಲ. ಇಷ್ಟು ವರ್ಷ ತಾನು ಕಾದಿರಲಿಲ್ಲವೇ, ಅವನೂ ಸ್ವಲ್ಪ ಕಾಯಲಿ. ತಟ್ಟೆಗೆ ಕೈ ಹಾಕಿ, ಇದ್ದುದರಲ್ಲೇ ಎಲ್ಲಕ್ಕಿಂತ ಸೊಟ್ಟಗಿದ್ದ ತುಂಡನ್ನು ಹುಡುಕಿ ತೆಗೆದುಕೊಂಡಳು.